ಕಣಿವೆಯಲ್ಲಿ ಹಿಮದ ವಾರ: ತಗ್ಗಿನ ಹೊಲದ ನಷ್ಟಕ್ಕೆ ಹೊಣೆ ಯಾರು?

ಮಳೆಯಿಂದ ಪೈರಿಗೆ ಬರುವ ಕೇಡನ್ನು ರೈತನು ಕಣ್ಣಾರೆ ಕಾಣುವನು; ಬಿಸಿಲಿನಿಂದ ಬರುವ ಕೇಡನ್ನು ತನ್ನ ಮೈಯಿಂದಲೇ ಅರಿಯುವನು. ಆದರೆ ಹಿಮದಿಂದ ಬರುವ ಕೇಡು, ಆತನು ನಿದ್ರಿಸುತ್ತಿರುವಾಗ ಸದ್ದಿಲ್ಲದೆ ಬಂದು, ಬೆಳಗಾಗುವುದರೊಳಗೆ ತನ್ನ ಕೆಲಸವನ್ನು ಮುಗಿಸಿರುವುದು. ಆದುದರಿಂದಲೇ ಹಿಮದ ಹಾನಿಯನ್ನು ದೈವಾಧೀನವೆಂದು ಎಣಿಸಿ ಸುಮ್ಮನಾಗುವ ವಾಡಿಕೆ ಬೆಟ್ಟದ ಸೀಮೆಯ ಬೇಸಾಯಗಾರರಲ್ಲಿ ಬೆಳೆದು ಬಂದಿದೆ. ವಿಚಾರಿಸಿ ನೋಡಿದರೆ ಈ ಅಭಿಪ್ರಾಯವು ಅರ್ಧಮಾತ್ರ ನಿಜವೆಂದು ಗೊತ್ತಾಗುವುದು. ಹಿಮ ಬರುವುದು ದೈವಾಧೀನ. ಅದು ಯಾವ ಹೊಲಕ್ಕೆ ಬರುವುದೆಂಬುದು ನೆಲದ ಏರುತಗ್ಗುಗಳ ಅಧೀನ. ಆ ಹೊಲದಲ್ಲಿ ಯಾವ ಬೆಳೆಯನ್ನಿಟ್ಟು ಯಾರನ್ನು ನಿಲ್ಲಿಸಿರುವರೆಂಬುದು ಮನುಷ್ಯರ ಅಧೀನ. ಈ ಮೂರನೆಯ ಮಾತಿನಲ್ಲಿ ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ಇರುವ ಹೊಣೆಯನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನೀಲಗಿರಿ ಸೀಮೆಯು ತಕ್ಕ ನಿದರ್ಶನ. ಅದು ಈಗ ತಮಿಳುನಾಡಿಗೆ ಸೇರಿದ್ದರೂ ಮೈಸೂರು ಸೀಮೆಯ ಎಲ್ಲೆಗೆ ತಾಗಿಕೊಂಡೇ ಇದೆ. ಅಲ್ಲಿನ ಬೇಸಾಯಗಾರರಲ್ಲಿ ಮುಖ್ಯರಾದ ಬಡಗರ ನುಡಿಯು ಕನ್ನಡಕ್ಕೆ ಬಹಳ ಹತ್ತಿರದ್ದು. ತಮ್ಮ ನಾಡನ್ನು ಅವರು ನಾಕುಬೆಟ್ಟವೆಂದು ಕರೆಯುವರು. ಊರ ಹಿರಿಯನಿಗೆ ಗೌಡನೆಂದೇ ಹೆಸರು. ಉದಕಮಂಡಲಕ್ಕೂ ಕೂನೂರಿಗೂ ನಡುವೆ ಇರುವ ಕೇತಿಯ ಕಣಿವೆಯಲ್ಲಿ ೧೮೩೦ರ ದಶಕದಲ್ಲಿ ಮದರಾಸು ಸರ್ಕಾರದವರು ಪ್ರಯೋಗದ ಹೊಲವೊಂದನ್ನು ನಡೆಯಿಸಿದ್ದರು. ಆಲೂಗಡ್ಡೆ, ಕೋಸು, ಕ್ಯಾರೆಟ್ಟು, ಬೀನ್ಸು, ಚಹಾ ಇವೆಲ್ಲವೂ ಈಗ ಆ ಸೀಮೆಯ ಜೀವನಾಧಾರವಾಗಿವೆ. ಇವುಗಳಲ್ಲಿ ಹಿಮವನ್ನು ತಾಳುವ ಬೆಳೆಗಳೂ ಉಂಟು, ತಾಳದೆ ಒಂದೇ ರಾತ್ರಿಯಲ್ಲಿ ಸಾಯುವ ಬೆಳೆಗಳೂ ಉಂಟು.

ಹಿಮವೆಂದೊಡನೆ ಹಿಮಾಲಯದಲ್ಲಿ ಆಕಾಶದಿಂದ ಸುರಿಯುವ ಮಂಜಿನ ಗಡ್ಡೆಯನ್ನು ನೆನೆಯಬೇಕಾಗಿಲ್ಲ. ನೀಲಗಿರಿಯ ಹಿಮವು ಮೇಲಿನಿಂದ ಬೀಳುವುದಲ್ಲ. ನೆಲದ ಮೇಲೆಯೇ ಹುಟ್ಟುವುದು. ಹಗಲಲ್ಲಿ ಸೂರ್ಯನಿಂದ ಪಡೆದ ಶಾಖವನ್ನು ಭೂಮಿಯು ರಾತ್ರಿಯಲ್ಲಿ ಆಕಾಶಕ್ಕೆ ಬಿಟ್ಟುಕೊಡುವುದು. ಮೋಡವಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆದಿಡುವುದು. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಗಾಳಿಯು ಕೆಳಗಿನ ತಣ್ಣನೆಯ ಗಾಳಿಯೊಡನೆ ಬೆರೆಯುವುದು. ಮೋಡವೂ ಇಲ್ಲದೆ ಗಾಳಿಯೂ ನಿಂತು ಹೋದ ರಾತ್ರಿಯಲ್ಲಿ ಮಾತ್ರ ಎಲೆಯೂ ಹುಲ್ಲೂ ತಮ್ಮ ಶಾಖವನ್ನೆಲ್ಲ ಕಳೆದುಕೊಂಡು, ಗಾಳಿಯಲ್ಲಿರುವ ತೇವವು ಅವುಗಳ ಮೇಲೆ ಬಿಳಿಯ ಹರಳಾಗಿ ಹೆಪ್ಪುಗಟ್ಟುವುದು.

ಈಶಾನ್ಯ ಮಾರುತದ ಮಳೆ ಹಿಂದೆಗೆದ ಮೇಲೆ ಡಿಸೆಂಬರ್ ಜನವರಿ ತಿಂಗಳುಗಳಲ್ಲಿ ಇಂಥ ಒಂದು ವಾರವು ನಡೆಯುವ ಕ್ರಮ ಹೀಗಿರುವುದು. ಮೊದಲನೆಯ ದಿನ ಮೋಡಗಳು ಚದುರಿ ಆಕಾಶವು ತಿಳಿಯಾಗುವುದು. ಜನರು ಮಳೆ ಬಿಟ್ಟಿತೆಂದು ಸಂತೋಷಪಡುವರು. ಎರಡನೆಯ ದಿನ ಗಾಳಿ ಅಡಗುವುದು. ಬೆಳಗ್ಗೆ ದಟ್ಟವಾದ ಇಬ್ಬನಿ ಕಾಣುವುದು. ಮೂರನೆಯ ದಿನದ ಮುಂಜಾವದಲ್ಲಿ ತಗ್ಗಿನ ಹುಲ್ಲುಗಾವಲು ಬೆಳ್ಳಗಾಗಿರುವುದು. ನಾಲ್ಕನೆಯ, ಐದನೆಯ ದಿನಗಳಲ್ಲಿ ಗಾಳಿ ಇನ್ನಷ್ಟು ಒಣಗಿ, ಬಿಳುಪು ಹುಲ್ಲಿನಿಂದ ಆಲೂಗಡ್ಡೆಯ ಸೊಪ್ಪಿಗೂ ಚಹಾದ ಚಿಗುರಿಗೂ ಏರುವುದು. ಆರನೆಯ ದಿನ ಸೂರ್ಯನ ಕಿರಣವು ಹೆಪ್ಪುಗಟ್ಟಿದ ಎಲೆಯನ್ನು ತಟ್ಟನೆ ತಾಗಿದೊಡನೆ ಎಲೆಯು ಬಿಸಿನೀರಿನಲ್ಲಿ ಅದ್ದಿ ತೆಗೆದಂತೆ ಬಾಡಿ, ಮಧ್ಯಾಹ್ನದ ಹೊತ್ತಿಗೆ ಕಂದಿಹೋಗುವುದು. ಏಳನೆಯ ದಿನ ಮೋಡ ಮತ್ತೆ ಬಂದು ಚಳಿ ಮುರಿಯುವುದು. ಹಿಮದ ವಾರವು ಮುಗಿಯಿತು. ಆದರೆ ಆ ತಗ್ಗಿನಲ್ಲಿ ಚಹಾ ಬೆಳೆದವನಿಗೆ ಮುಂದಿನ ಹಲವು ವಾರಗಳ ಸೊಪ್ಪು ಇಲ್ಲವಾಯಿತು. ಸೊಪ್ಪು ಕೀಳುವ ಕೂಲಿಯವರಿಗೆ ಅಷ್ಟು ದಿನಗಳ ಕೆಲಸವೂ ಇಲ್ಲವಾಯಿತು.

ಇದು ನೀಲಗಿರಿಗೆ ಮಾತ್ರ ಸೇರಿದ ಸಂಗತಿಯಲ್ಲ. ಕೇರಳದ ಮೂನ್ನಾರಿನ ಕಣಿವೆಗಳಲ್ಲಿ ೨೦೧೯ನೆಯ ಇಸವಿಯ ಜನವರಿಯ ಮೊದಲ ಭಾಗದಲ್ಲಿ ಒಂದರ ಹಿಂದೊಂದಾಗಿ ಹಲವು ದಿನ ಉಷ್ಣತೆಯು ಸೊನ್ನೆಗಿಂತ ಕೆಳಗಿಳಿದು, ವಿಸ್ತಾರವಾದ ಚಹಾ ತೋಟಗಳು ಕರಕಾಗಿ ಹೋದವು. ಕುಳಿರು ಒಂದು ರಾತ್ರಿ ಬಂದು ಹೋದರೆ ಗಿಡವು ಸಹಿಸೀತು. ವಾರಕಾಲ ನೆಲೆಸಿದರೆ ಸಹಿಸದು.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದುದು ಒಂದಿದೆ. ತಣ್ಣನೆಯ ಗಾಳಿಯು ಬೆಚ್ಚನೆಯ ಗಾಳಿಗಿಂತ ಭಾರವಾದುದು. ಆದಕಾರಣ ಅದು ಇಳಿಜಾರಿನಲ್ಲಿ ನೀರಿನಂತೆಯೇ ಮೆಲ್ಲಗೆ ಹರಿದು ಬಂದು ತಗ್ಗಿನಲ್ಲಿ ಕೆರೆಯಂತೆ ತುಂಬಿಕೊಳ್ಳುವುದು. ದೊಡ್ಡಬೆಟ್ಟವು ೨೬೩೭ ಮೀಟರು ಎತ್ತರವಿದೆ. ಉದಕಮಂಡಲದ ಪಟ್ಟಣವು ಸುಮಾರು ೨೨೪೦ ಮೀಟರು. ಎತ್ತರ ಹೆಚ್ಚಿದಂತೆಲ್ಲ ಚಳಿ ಹೆಚ್ಚೆಂಬ ಲೆಕ್ಕದಂತೆ ಬೆಟ್ಟದ ನೆತ್ತಿಯೇ ಮೊದಲು ಬೆಳ್ಳಗಾಗಬೇಕು. ಆದರೆ ತಿಳಿಯಾದ ರಾತ್ರಿಗಳಲ್ಲಿ ಹಿಮವು ಮೊದಲು ಕಾಣಿಸಿಕೊಳ್ಳುವುದು ಪಟ್ಟಣದ ತಗ್ಗು ಬಯಲುಗಳಲ್ಲಿ, ಸಸ್ಯೋದ್ಯಾನದ ಹುಲ್ಲುಹಾಸಿನಲ್ಲಿ, ತಲೈಕುಂದ ಅವಲಾಂಚಿಗಳಂಥ ಕಣಿವೆಯ ತಳಗಳಲ್ಲಿ. ನಡುವಣ ಇಳಿಜಾರಿನಲ್ಲಿರುವ ಹೊಲವು ಅದೇ ರಾತ್ರಿ ಸುಖವಾಗಿ ಉಳಿಯುವುದುಂಟು. ಒಂದೇ ಊರಿನ ಎರಡು ಹೊಲಗಳ ನಡುವೆ ಕೂಗಳತೆಯ ದೂರವಿದ್ದರೂ, ಒಂದರ ಬೆಳೆ ಉಳಿದು ಇನ್ನೊಂದರ ಬೆಳೆ ಸಾಯುವುದು ಇದರಿಂದಲೇ.

ಹಿಂದಿನವರು ಈ ಸೂಕ್ಷ್ಮವನ್ನು ಅರಿಯದವರಲ್ಲ. ಬಡಗರ ಹಟ್ಟಿಗಳು ಸಾಮಾನ್ಯವಾಗಿ ಗುಡ್ಡದ ಇಳಿಜಾರಿನಲ್ಲಿಯೋ ದಿಣ್ಣೆಯ ಮೇಲೆಯೋ ಇರುವುವು. ಕಣಿವೆಯ ತಳದಲ್ಲಿ ಅಲ್ಲ. ಆ ಬೆಟ್ಟಗಳ ಬಯಲುಹುಲ್ಲಿನಲ್ಲಿ ಶೋಲಾ ಕಾಡಿನ ಮರದ ಸಸಿಗಳು ಬೇರೂರದಿರುವುದಕ್ಕೆ ಹಿಮವೂ ಒಂದು ಕಾರಣವೆಂದು ಸಸ್ಯಶಾಸ್ತ್ರಜ್ಞರಲ್ಲಿ ಹಲವರು ಎಣಿಸುವರು. ಎಂದರೆ ಪ್ರಕೃತಿಯೇ ತಗ್ಗುಗಳನ್ನು ಅಳೆದು ನೋಡಿ, ಹುಲ್ಲಿಗೂ ಜೌಗಿಗೂ ಬಿಟ್ಟುಕೊಟ್ಟಿತ್ತು. ಭೂಮಿಯ ಬೆಲೆ ಏರಿ, ಜೌಗನ್ನು ಬಸಿದು, ತಗ್ಗಿನ ಕೊನೆಯ ಅಂಗುಲವನ್ನೂ ಉತ್ತುದರಿಂದ ಹಿಮಕ್ಕೆ ತುತ್ತಾಗುವ ಬೆಳೆಯೂ ಹೆಚ್ಚಿತು.

ಈಗ ಹೊಣೆಯ ಮಾತು. ಇಳಿಜಾರಿನ ಒಳ್ಳೆಯ ಭೂಮಿಯು ಹಳೆಯ ಹಿಡುವಳಿದಾರರ ವಶದಲ್ಲಿಯೇ ಉಳಿಯುವುದು ಲೋಕರೂಢಿ. ಹೊಸದಾಗಿ ಭೂಮಿಯನ್ನು ಕೊಳ್ಳುವವನಿಗೂ, ಗುತ್ತಿಗೆಗೆ ಹಿಡಿಯುವವನಿಗೂ ಸಿಗುವುದು ತಗ್ಗಿನ ತುಂಡು. ಬೇಸಿಗೆಯಲ್ಲಿ ನೋಡಿದರೆ ಅದೇ ಊರಿನ ಚೆಲುವಾದ ಹೊಲ. ಮಣ್ಣು ಕಪ್ಪು, ನೀರು ಹತ್ತಿರ. ಡಿಸೆಂಬರಿನ ಸ್ವಭಾವವನ್ನು ಆತನಿಗೆ ಯಾರೂ ಹೇಳುವುದಿಲ್ಲ. ಆತನು ಸಾಲ ಮಾಡಿ ಬಿತ್ತನೆಯ ಗೆಡ್ಡೆಯನ್ನೂ ಗೊಬ್ಬರವನ್ನೂ ತಂದು ಹಾಕುವನು. ಒಂದು ವಾರದಲ್ಲಿ ಸಾಲವು ಮಾತ್ರ ಉಳಿಯುವುದು. ತಣ್ಣನೆಯ ಗಾಳಿಯಂತೆ ನಷ್ಟವೂ ಮೇಲಿನಿಂದ ಕೆಳಕ್ಕೆ ಹರಿದು, ಎಲ್ಲರಿಗಿಂತ ಕೆಳಗಿರುವವನ ಹೊಲದಲ್ಲಿ ನಿಲ್ಲುವುದು. ಭೂಮಿಯ ಗುಣವನ್ನು ಬಲ್ಲ ಮಾಲೀಕನು ದೋಷವನ್ನು ಮುಚ್ಚಿಟ್ಟು ಅದನ್ನು ಕೊಟ್ಟರೆ, ಅದು ಹಾಯುವ ಎತ್ತನ್ನು ಸಾಧುವೆಂದು ಹೇಳಿ ಸಂತೆಯಲ್ಲಿ ಮಾರಿದಂತೆಯೇ ಸರಿ.

ನಿಜವನ್ನು ಹೇಳಿದರೆ ತಗ್ಗಿನ ಭೂಮಿಯ ಬೆಲೆ ಇಳಿಯುವುದೆಂದು ಕೆಲವು ಮಾಲೀಕರು ಆಕ್ಷೇಪಿಸಬಹುದು. ಬೆಲೆ ಸ್ವಲ್ಪ ಇಳಿಯುವುದು ದಿಟ. ಆದರೆ ಹಿಮದಿಂದ ಕೆಟ್ಟ ಒಕ್ಕಲು ಗುತ್ತಿಗೆಯ ಹಣವನ್ನು ಸಲ್ಲಿಸಲಾರನು. ಭೂಮಿಯು ಬೀಳುಬಿದ್ದರೆ ಅದರ ಬೆಲೆ ಇನ್ನೂ ಇಳಿಯುವುದು. ತಗ್ಗೆಂದು ತಿಳಿದೇ ಹಿಡಿದವನು ಅದಕ್ಕೆ ತಕ್ಕ ಬೆಳೆಯನ್ನಿಟ್ಟು, ಕಡಮೆಯಾದರೂ ಖಂಡಿತವಾದ ಹಣವನ್ನು ವರ್ಷವರ್ಷವೂ ಕೊಡುವನು. ಪ್ರಾಮಾಣಿಕತೆಯು ಇಲ್ಲಿ ಧರ್ಮವಷ್ಟೇ ಅಲ್ಲದೆ ಲಾಭವೂ ಆಗಿದೆ.

ಗ್ರಾಮದ ಮುಖಂಡರಿಂದ ಆಗಬೇಕಾದ ಕೆಲಸವು ಹೆಚ್ಚು ಖರ್ಚಿನದಲ್ಲ. ಹಿಮ ಕಂಡ ಬೆಳಗ್ಗೆ, ಬಿಸಿಲೇರುವುದಕ್ಕೆ ಮುಂಚೆ, ಊರಿನ ಇಬ್ಬರು ಅನುಭವಸ್ಥರನ್ನು ಜತೆಯಲ್ಲಿ ಕರೆದುಕೊಂಡು ಹೊಲಗಳನ್ನು ಸುತ್ತಿ, ಬಿಳುಪು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಗೂಟಗಳನ್ನು ನೆಡಿಸತಕ್ಕದ್ದು. ಆ ಗೆರೆಯೊಳಗಿನ ಹೊಲಗಳ ಸರ್ವೆ ನಂಬರುಗಳನ್ನೂ ತಾರೀಖನ್ನೂ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮೂರು ಚಳಿಗಾಲ ಹೀಗೆ ಮಾಡಿದರೆ ಊರಿನ ಹಿಮದ ಎಲ್ಲೆಯು ಬಹುಮಟ್ಟಿಗೆ ಗೊತ್ತಾಗುವುದು. ಹವಾಮಾನವನ್ನಾಧರಿಸಿದ ಬೆಳೆ ವಿಮೆಯ ಲೆಕ್ಕವು ಉಷ್ಣಮಾಪಕದ ಅಂಕಿಯನ್ನು ಅವಲಂಬಿಸಿರುವಲ್ಲಿ ಈ ಪುಸ್ತಕದ ಪ್ರಯೋಜನವು ಇನ್ನೂ ಹೆಚ್ಚು. ಮಾಪಕವು ಇಳಿಜಾರಿನಲ್ಲಿ, ಪೆಟ್ಟಿಗೆಯೊಳಗೆ, ಆಳೆತ್ತರಕ್ಕೆ ಸಮೀಪದಲ್ಲಿ ನಿಂತು ಮೂರು ನಾಲ್ಕು ಡಿಗ್ರಿಯನ್ನು ತೋರಿಸುತ್ತಿರುವಾಗ, ತಗ್ಗಿನ ಹುಲ್ಲಿನ ಮೇಲೆ ನೀರು ಹೆಪ್ಪುಗಟ್ಟಿರಬಹುದು. ಬಡವನ ಬೆಳೆ ಸತ್ತುದಕ್ಕೆ ಆಗ ಊರಿನ ಪುಸ್ತಕವೇ ಸಾಕ್ಷಿಯಾಗುವುದು. ಮಾಪಕವನ್ನು ತಗ್ಗಿಗೆ ತರಬೇಕೆಂದು ಅಧಿಕಾರಿಗಳನ್ನು ಕೇಳುವುದಕ್ಕೂ ಆಧಾರವಾಗುವುದು.

ಎಲ್ಲೆಯನ್ನು ಅರಿತ ಮೇಲೆ ಬೆಳೆಯನ್ನು ಹಂಚುವುದು ಸುಲಭ. ಆಲೂಗಡ್ಡೆ, ಬೀನ್ಸುಗಳನ್ನು ಚಳಿಗಾಲದಲ್ಲಿ ಗೆರೆಯ ಮೇಲ್ಗಡೆ ಇರಿಸಿ, ಕುಳಿರನ್ನು ತಾಳಬಲ್ಲ ಕೋಸು, ಕ್ಯಾರೆಟ್ಟುಗಳನ್ನು ಕೆಳಗಡೆ ಇರಿಸಬಹುದು. ಎಲ್ಲಕ್ಕಿಂತ ತಗ್ಗಾದ ಜೌಗನ್ನು ಹುಲ್ಲಿಗೆ ಬಿಡುವುದೇ ಮೇಲು. ದನಕ್ಕೆ ಮೇವು, ಬೇಸಿಗೆಗೆ ನೀರು ಎರಡೂ ಉಳಿಯುವುವು. ಇಳಿಜಾರಿಗೆ ಅಡ್ಡಲಾಗಿ ದಟ್ಟವಾದ ಬೇಲಿಯಾಗಲಿ ಗೋಡೆಯಾಗಲಿ ಇದ್ದರೆ, ಏರಿಯು ನೀರನ್ನು ನಿಲ್ಲಿಸುವಂತೆ ಅದು ತಣ್ಣನೆಯ ಗಾಳಿಯನ್ನು ಮೇಲಿನ ಹೊಲದಲ್ಲಿ ನಿಲ್ಲಿಸುವುದು. ಅಲ್ಲಲ್ಲಿ ಕಂಡಿಗಳನ್ನು ಬಿಡುವುದು ಅವಶ್ಯ. ಆದರೆ ಆ ಕಂಡಿಯು ಕೆಳಗಿನವನ ಹೊಲಕ್ಕೆ ನೇರವಾಗಿ ತೆರೆಯದಂತೆ, ಹಳ್ಳದ ಕಡೆಗೆ ತಿರುಗುವಂತೆ ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳಬೇಕು. ನೀರಿನ ಕಾಲುವೆಗೆ ಪಂಚಾಯಿತಿ ಕೂಡುವ ಊರು ಗಾಳಿಯ ಕಾಲುವೆಗೂ ಕೂಡಲಾರದೆ?

ಹಿಮದ ರಾತ್ರಿಯಲ್ಲಿ ಹಸಿಯ ಹುಲ್ಲನ್ನು ಸುಟ್ಟು ಹೊಗೆಯೆಬ್ಬಿಸುವ ಪದ್ಧತಿ ಕೆಲವೆಡೆ ಇದೆ. ಮೋಡದಂತೆ ಹೊಗೆಯೂ ಶಾಖವನ್ನು ತಡೆಯುವುದೆಂಬ ನಂಬಿಕೆ ಸರಿಯಲ್ಲ. ನೆಲದ ಶಾಖವು ಹೊಗೆಯನ್ನು ಬಹುಪಾಲು ದಾಟಿ ಹೋಗುವುದು. ಅದಕ್ಕಿಂತ ಹಗಲಲ್ಲಿ ನೆಲವನ್ನು ತೇವಮಾಡಿಡುವುದು ಮೇಲು. ತೇವದ ಮಣ್ಣು ಹಗಲಿನ ಶಾಖವನ್ನು ಹೆಚ್ಚಾಗಿ ಕೂಡಿಟ್ಟು ರಾತ್ರಿ ಬಿಡುವುದು. ಒಂದು ಲೀಟರು ನೀರು ಗಡ್ಡೆಕಟ್ಟುವಾಗ ಸುಮಾರು ೮೦ ಕಿಲೋಕ್ಯಾಲೊರಿ ಶಾಖವು ಹೊರಬೀಳುವುದು. ಅದೇ ನೀರನ್ನು ೨೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ಬೇಕಾಗುವಷ್ಟು ಶಾಖವದು. ಆದುದರಿಂದ ತುಂತುರು ನೀರಾವರಿಯುಳ್ಳವರು ಹಿಮ ಕಟ್ಟುವ ಮುಂಚೆ ಅದನ್ನು ತೊಡಗಿ, ಬಿಸಿಲಿಗೆ ಗಡ್ಡೆ ಕರಗುವವರೆಗೂ ನಿಲ್ಲಿಸದೆ ನಡೆಯಿಸಿದರೆ ಬೆಳೆಯು ಉಳಿಯಬಹುದು. ನಡುವೆ ನಿಲ್ಲಿಸಿದರೆ ಕೇಡು ಇಮ್ಮಡಿಯಾಗುವುದು. ಎಳೆಯ ಚಹಾ ಗಿಡಕ್ಕೆ ಹುಲ್ಲಿನ ಮರೆ ಕಟ್ಟುವುದು, ತೋಟದಲ್ಲಿ ಸಿಲ್ವರ್ ಓಕಿನಂಥ ನೆರಳಿನ ಮರಗಳನ್ನು ಉಳಿಸುವುದು ಬಡವರಿಗೂ ಸಾಧ್ಯವಾದ ರಕ್ಷಣೆಗಳು. ಸುಟ್ಟ ಕೊಂಬೆಗಳನ್ನು ಮಾರನೆಯ ದಿನವೇ ಕತ್ತರಿಸಬಾರದು. ಹೊಸ ಚಿಗುರು ಎಲ್ಲಿಂದ ಒಡೆಯುವುದೆಂಬುದನ್ನು ನೋಡಿಕೊಂಡು, ಸತ್ತ ಭಾಗವನ್ನು ಮಾತ್ರ ತೆಗೆಯಬೇಕು.

ಕನ್ನಡ ನಾಡಿನ ಬಹುಭಾಗದಲ್ಲಿ ಇಂಥ ಹಿಮವಿಲ್ಲವೆಂದು ಓದುಗರು ಈ ವಿಷಯವನ್ನು ಕಡೆಗಣಿಸಲಾಗದು. ಕೊಡಗು, ಚಿಕ್ಕಮಗಳೂರುಗಳ ಕಣಿವೆಗಳಲ್ಲಿಯೂ ತಣ್ಣನೆಯ ಗಾಳಿಯು ತಗ್ಗಿಗೇ ಹರಿಯುವುದು. ಸಸಿಮಡಿಯನ್ನು ಎಲ್ಲಿ ಹಾಕಬೇಕು, ಬೇಲಿಯನ್ನು ಎಲ್ಲಿ ತೆರೆಯಬೇಕು ಎಂಬ ವಿವೇಕ ಅಲ್ಲಿಯೂ ಬೇಕಾದುದೇ. ಅದಕ್ಕಿಂತ ಹೆಚ್ಚಾಗಿ, ಭೂಮಿಯ ದೋಷವನ್ನು ಬಲ್ಲವನು ಬಾರದವನಿಗೆ ತಿಳಿಸಬೇಕೆಂಬ ನೀತಿಯು ಹಿಮಕ್ಕೆ ಮಾತ್ರವಲ್ಲ, ನೆರೆ ನುಗ್ಗುವ ಹೊಳೆದಂಡೆಗೂ, ಚೌಳು ಏರುವ ಗದ್ದೆಗೂ ಸಮಾನವಾಗಿ ಸಲ್ಲುವುದು.

ಚಳಿಯ ವಾರವು ವರ್ಷಕ್ಕೊಮ್ಮೆ ಬಂದು ಹೋಗುವುದು. ಅದು ಬೆಳ್ಳಗೆ ಬರೆದು ಹೋಗುವ ಎಲ್ಲೆಯನ್ನು ಬಿಸಿಲು ಅರ್ಧ ಜಾವದಲ್ಲಿ ಅಳಿಸುವುದು. ಅಳಿಯುವುದರೊಳಗೆ ಅದನ್ನು ನೋಡಿ, ಗೂಟ ನೆಟ್ಟು, ತಗ್ಗಿನ ಒಕ್ಕಲಿಗೆ ತಿಳಿಸುವವನೇ ಊರಿಗೆ ನಿಜವಾದ ಯಜಮಾನನು.