ಯಂತ್ರ ಏಳುವ ಬಗೆ

ವಿದ್ಯುತ್ತು ಹರಿದೊಡನೆ ಗಣಕಯಂತ್ರವು ತನ್ನೊಳಗಿನ ಚಿಪ್ಪಿನಲ್ಲಿ ಬರೆದಿಟ್ಟಿರುವ ಬೂಟ್ ಕ್ರಮವನ್ನು ನೋಡಿ, ಡಿಸ್ಕಿನಲ್ಲೋ ಜಾಲದಲ್ಲೋ ತನ್ನ ಕಾರ್ಯವ್ಯವಸ್ಥೆಯನ್ನು ಹುಡುಕುವುದು. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳೇ ಇದಕ್ಕೆ ದಾರಿದೀಪ. ಅವುಗಳಲ್ಲಿ ಆಜ್ಞೆಗಳಿಗೆ ದೊರೆಯುವ ಸ್ಥಳ 446 ಬೈಟು ಮಾತ್ರ!

ಒಂದೇ ಪೆಟ್ಟಿಗೆಯಲ್ಲಿ ಪುಸ್ತಕಗಳಂತೆ ಜೋಡಿಸಿದ ಬ್ಲೇಡ್ ಸರ್ವರುಗಳನ್ನೆಲ್ಲ ಜಾಲದ ಮೂಲಕವೇ ಎಬ್ಬಿಸಿದರೆ, ಕೆಟ್ಟ ಬ್ಲೇಡನ್ನು ಬದಲಿಸುವುದು ಸುಲಭವೆಂಬ ವಾದವುಂಟು. ಅದು ಸುಳ್ಳಲ್ಲ. ಆದರೆ ವಿದ್ಯುತ್ತು ನಿಂತು ಮರಳಿ ಬಂದಾಗ, ಎಬ್ಬಿಸಬೇಕಾದ ಸರ್ವರೇ ಏಳದಿದ್ದರೆ 16 ಬ್ಲೇಡುಗಳೂ ಒಟ್ಟಿಗೆ ಮೂಕವಾಗಿ ನಿಲ್ಲುವುವು. ಇತರರನ್ನು ಎಬ್ಬಿಸುವವನು ತಾನೇ ಮೊದಲು ಏಳಬೇಡವೆ? ಆದುದರಿಂದ ಜಾಲಸೇವೆ ನಡೆಸುವ ಬ್ಲೇಡುಗಳಾದರೂ ತಮ್ಮ ಸ್ವಂತ ಡಿಸ್ಕಿನಿಂದಲೇ ಏಳತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಜೋಡಿ ಡಿಸ್ಕುಗಳನ್ನಿಟ್ಟ ಮಾತ್ರಕ್ಕೆ ನಿಶ್ಚಿಂತರಾಗಲಾಗದು. ದತ್ತಾಂಶವು ಎರಡರಲ್ಲಿಯೂ ಇದ್ದು, ಬೂಟ್ ಮಾಹಿತಿಯು ಒಂದರಲ್ಲಿಯೇ ಉಳಿದಿರುವುದುಂಟು. ಹೊಸ ಯಂತ್ರವನ್ನು ಕೆಲಸಕ್ಕೆ ಹಚ್ಚುವ ಮೊದಲೇ, ಸರದಿಯಂತೆ ಒಂದೊಂದು ಡಿಸ್ಕನ್ನು ತೆಗೆದು, ಉಳಿದೊಂದರಿಂದ ಯಂತ್ರವು ಏಳುವುದೋ ಎಂದು ನೋಡಬೇಕು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ಪಾಠವೂ ಇದೇ ಅಲ್ಲವೆ? ಪರೀಕ್ಷಿಸಿ ನೋಡದ ಏರ್ಪಾಡು ಬರಿಯ ನಂಬಿಕೆ; ಅದು ವಿಜ್ಞಾನವಲ್ಲ.