ಹೆಚ್ಚಾದ ಅಕ್ಕಿ

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಶರಣರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಧರ್ಮಪತ್ನಿ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು.

ಇದು ಬಡತನದ ಹೊಗಳಿಕೆಯಲ್ಲ. ಹಸಿದವನಿಗೆ ಅನ್ನ ಬೇಕೆಂಬುದು ಆಸೆಯಲ್ಲ, ಅಗತ್ಯ. ಹೊಟ್ಟೆ ತುಂಬಿದೊಡನೆ ಹಸಿವು ಅಡಗುತ್ತದೆ. ಕಣಜ ತುಂಬಿದರೂ ಆಸೆ ಅಡಗದು. ಹೆಚ್ಚಿನ ಅಕ್ಕಿಯೊಡನೆ ನಾಳೆಯ ಚಿಂತೆಯೂ ಮನೆಯನ್ನು ಹೊಗುತ್ತದೆ. ಕಾಯಕದ ಮೇಲಿನ ನಂಬಿಕೆ ಹೊರನಡೆಯುತ್ತದೆ. ಲಕ್ಕಮ್ಮನವರು ತಡೆದುದು ಇದನ್ನೇ.

ಈಡೇರಿದ ಆಸೆಯ ಸುಖವು ಮುಂದಿನ ಆಸೆ ಹುಟ್ಟುವವರೆಗೆ ಮಾತ್ರ. ಸತ್ಯಶುದ್ಧ ಕಾಯಕದ, ಹಂಚಿ ಉಣ್ಣುವ ದಾಸೋಹದ ಸುಖವು ಇಂದೇ ದೊರೆಯುವಂಥದು. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ‘ಇನ್ನಷ್ಟು’ ಎಂದು ಬೇಡುವ ಭಕ್ತನು ಮೊದಲು ತನ್ನ ಚೀಲದ ಅಕ್ಕಿಯನ್ನು ಅಳೆದು ನೋಡುವುದು ಲೇಸು.