ಆಸ್ಕರ್ ಬಂತು, ಇಡಲು ಜಾಗವಿರಲಿಲ್ಲ

ಭಾನು ಅಥೈಯಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ ಸಾಲು: ಭಾರತಕ್ಕೆ ಮೊದಲ ಆಸ್ಕರ್ ತಂದವರು. ಕ್ವಿಜ್‌ನಲ್ಲಿ ಕೇಳಿದರೆ ತಟ್ಟನೆ ಉತ್ತರಿಸುತ್ತೇವೆ. ಆ ಆಸ್ಕರ್ ಈಗ ಎಲ್ಲಿದೆ ಎಂದು ಕೇಳಿ ನೋಡಿ, ಮಾತಿಲ್ಲ. 2012ರಲ್ಲಿ, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, ಅದನ್ನು ಕೊಟ್ಟ ಅಮೆರಿಕದ ಅಕಾಡೆಮಿಗೇ ಅವರು ವಾಪಸು ಒಪ್ಪಿಸಿದರು. ತಮ್ಮ ಕಾಲಾನಂತರ ಅದು ಇಲ್ಲಿ ಸುರಕ್ಷಿತವಾಗಿ ಉಳಿಯುತ್ತದೆಂಬ ನಂಬಿಕೆ ಅವರಿಗಿರಲಿಲ್ಲ. 2004ರಲ್ಲಿ ಶಾಂತಿನಿಕೇತನದಿಂದ ಟಾಗೋರರ ನೊಬೆಲ್ ಪದಕವೇ ಕಳುವಾಗಿದ್ದನ್ನು ಅವರು ನೆನಪಿಸಿದ್ದರು.

ದೇಶದ ಹೆಮ್ಮೆಯನ್ನು ಹೊರಗೆ ಕಳಿಸಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ನೂರಕ್ಕೆ ನೂರು ಸರಿ ಎನ್ನುತ್ತೇನೆ ನಾನು. ನಾಚಿಕೆ ಪಡಬೇಕಾದವರು ಅವರಲ್ಲ.

1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಭಾನುಮತಿ ರಾಜೋಪಾಧ್ಯೆ, ನಮ್ಮ ಹಾಗೆಯೇ ಊರು ಬಿಟ್ಟು ಮುಂಬೈಗೆ ಬಂದವರು. ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್‌ನ ಗಂಡಸರ ನಡುವೆ ತಮ್ಮ ಚಿತ್ರಗಳನ್ನೂ ಪ್ರದರ್ಶಿಸಿದರು. ಮಹಿಳಾ ಪತ್ರಿಕೆಗೆ ಫ್ಯಾಷನ್ ಚಿತ್ರ ಬರೆಯುತ್ತಿದ್ದವರು ಬೊಟಿಕ್‌ಗೆ ಉಡುಪು ವಿನ್ಯಾಸ ಮಾಡತೊಡಗಿದರು. ಅಲ್ಲಿಂದ ಸಿನಿಮಾಕ್ಕೆ ಬಂದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 1956ರಲ್ಲಿ ನಿರ್ಮಿಸಿದ 'ಸಿ.ಐ.ಡಿ.'ಯಿಂದ ಹಿಡಿದು 'ಲಗಾನ್', 'ಸ್ವದೇಸ್'ವರೆಗೆ ನೂರಕ್ಕೂ ಹೆಚ್ಚು ಚಿತ್ರಗಳು. 'ಆಮ್ರಪಾಲಿ'ಗೆ ಅಜಂತಾದ ಭಿತ್ತಿಚಿತ್ರಗಳನ್ನು ನೋಡಿ ಬಟ್ಟೆ ರೂಪಿಸಿದರು. 1968ರ 'ಬ್ರಹ್ಮಚಾರಿ'ಯಲ್ಲಿ ಮುಮ್ತಾಜ್ ಉಟ್ಟ ಕಿತ್ತಳೆ ಸೀರೆಯ ಸುತ್ತನ್ನು ಆಫೀಸಿನ 'ರೆಟ್ರೋ ಡೇ'ಗೆ ಇಂದಿಗೂ ಉಟ್ಟು ಬರುತ್ತಾರೆ. ಅದಕ್ಕೆ ಮುಮ್ತಾಜ್ ಸೀರೆ ಎಂದೇ ಹೆಸರು. ಭಾನು ಅವರ ಹೆಸರು ಯಾರ ಬಾಯಲ್ಲೂ ಇಲ್ಲ.

'ಗಾಂಧಿ' ಚಿತ್ರಕ್ಕೆ ಜಾನ್ ಮೊಲೊ ಜೊತೆ ಅವರು ಹಂಚಿಕೊಂಡ ಆಸ್ಕರ್ 1983ರಲ್ಲಿ ಬಂತು. ಆ ಚಿತ್ರದ ಮಾತನ್ನೆಲ್ಲ ಅಳಿಸಿದರೂ ಕತೆ ಉಳಿಯುತ್ತದೆ: ಸೂಟು ತೊಟ್ಟ ಬ್ಯಾರಿಸ್ಟರ್ ರೈಲಿನಿಂದ ಹೊರದಬ್ಬಿಸಿಕೊಳ್ಳುತ್ತಾನೆ, ಕೊನೆಗೆ ತುಂಡು ಪಂಚೆಯಲ್ಲಿ ಸಾಮ್ರಾಜ್ಯದ ಎದುರು ಕೂರುತ್ತಾನೆ. ಗಾಂಧಿಯ ರಾಜಕೀಯ ಬಟ್ಟೆಯಲ್ಲೇ ಇತ್ತು. ಆ ಬಟ್ಟೆಯನ್ನು ತೆರೆಯ ಮೇಲೆ ನಂಬುವಂತೆ ಮಾಡುವ ಕೆಲಸವನ್ನು ನಾವು ಇಂದಿಗೂ 'ಟೇಲರಿಂಗ್' ಎಂದು ತಳ್ಳಿಹಾಕುತ್ತೇವೆ.

ಈ ತಾತ್ಸಾರ ಕನ್ನಡದವರಿಗಂತೂ ಒಪ್ಪುವುದಿಲ್ಲ. ಯಕ್ಷಗಾನದಲ್ಲಿ ಪಾತ್ರಕ್ಕೇ ನಾವು 'ವೇಷ' ಎನ್ನುತ್ತೇವೆ. ಇವತ್ತು ಅವರದ್ದು ಯಾವ ವೇಷ ಎಂದು ಕೇಳುತ್ತೇವೆ. ಕಿರೀಟ, ಭುಜಕೀರ್ತಿಗಳನ್ನು ಮೇಳದವರು ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾರೆ. ಸಿನಿಮಾಕ್ಕೆ ಬಂದಾಗ ಆ ಪೆಟ್ಟಿಗೆ ಎಲ್ಲಿ ಹೋಯಿತು? 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಸೀರೆ, ರವಿಕೆಗಳನ್ನು ಕಣ್ಣಾರೆ ನೋಡಬೇಕೆನ್ನುವ ವಿದ್ಯಾರ್ಥಿಯನ್ನು ಯಾವ ವಿಳಾಸಕ್ಕೆ ಕಳಿಸೋಣ?

ಶಾಲೆ, ಆಸ್ಪತ್ರೆಗಳ ಸೂರೇ ಸೋರುವಾಗ ಹಳೆ ಬಟ್ಟೆಗೆ ಯಾಕೆ ಖರ್ಚು ಎಂಬ ಪ್ರಶ್ನೆ ಬರುತ್ತದೆ. ಪ್ರಶಸ್ತಿ ಸಮಾರಂಭದ ವೇದಿಕೆ, ಹೂವು, ದೀಪಗಳಿಗೆ ಖರ್ಚು ಮಾಡುವಾಗ ಈ ಪ್ರಶ್ನೆ ಏಳುವುದಿಲ್ಲ. ಬಟ್ಟೆ ಕಾಪಾಡುವ ವಿದ್ಯೆಯೂ ನಮಗೆ ಹೊಸದಲ್ಲ. ಜರಿ ಸೀಳಬಾರದೆಂದು ಅಜ್ಜಿಯ ಮದುವೆ ಸೀರೆಯನ್ನು ವರ್ಷಕ್ಕೊಮ್ಮೆ ಬಿಡಿಸಿ, ಮಡಿಕೆ ಬದಲಿಸಿ ಇಡುವ ಮನೆಗಳಿಂದ ಬಂದವರು ನಾವು. ನಮಗೆ ಇಲ್ಲದಿರುವುದು ಮನಸ್ಸು.

ಹಾಗಾಗಿ ನನ್ನ ಒತ್ತಾಯ ನೇರವಾಗಿದೆ. ಕರ್ನಾಟಕ ಸರ್ಕಾರ ಕನ್ನಡ ಚಿತ್ರಗಳಿಗೆ ಸಬ್ಸಿಡಿ ಕೊಡುತ್ತದೆ. ಅದು ಜನರ ದುಡ್ಡು. ವಸ್ತ್ರವಿನ್ಯಾಸದ ರೇಖಾಚಿತ್ರಗಳು, ಬಟ್ಟೆ ಎಲ್ಲಿಯದು, ನೇಯ್ದವರು, ಹೊಲಿದವರು ಯಾರು ಎಂಬ ಟಿಪ್ಪಣಿ, ಮುಖ್ಯಪಾತ್ರದ ಒಂದು ಉಡುಪು: ಇಷ್ಟನ್ನು ಒಪ್ಪಿಸಿದ ಮೇಲೆಯೇ ಹಣ ಬಿಡುಗಡೆಯಾಗಲಿ. ಅದಕ್ಕೊಂದು ಕೋಣೆ, ಅದನ್ನು ನೋಡಿಕೊಳ್ಳಲು ತರಬೇತಾದ ಇಬ್ಬರು ಇರಲಿ. ಮುಂಬೈ, ಪುಣೆ, ದೆಹಲಿಗಳಲ್ಲಿ ಫ್ಯಾಷನ್ ಓದುತ್ತಿರುವ ನಮ್ಮ ಮಕ್ಕಳು ಪ್ಯಾರಿಸ್ಸಿನ ಹೆಸರುಗಳ ಜೊತೆ ಈ ಕೋಣೆಯನ್ನೂ ಪ್ರಾಜೆಕ್ಟಿಗೆ ಆರಿಸಿಕೊಳ್ಳುವಂತಾಗಲಿ.

ಭಾನು ತಮ್ಮ ಕೆಲಸದ ದಾಖಲೆಯನ್ನು 2010ರಲ್ಲಿ ತಾವೇ ಪುಸ್ತಕವಾಗಿ ಬರೆದಿಟ್ಟರು. ಪ್ರಶಸ್ತಿಗೆ ಸುರಕ್ಷಿತ ಜಾಗವನ್ನೂ ತಾವೇ ಹುಡುಕಿದರು. 2020ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ನಾವು ಮಾಡಿದ್ದು 'ಮೊದಲ ಆಸ್ಕರ್' ಎಂದು ಮತ್ತೆ ಹಂಚಿಕೊಂಡಿದ್ದು. ಅಷ್ಟೇ ಮಾಡುವುದಾದರೆ 'ನಮ್ಮವರು' ಎನ್ನುವ ಹಕ್ಕು ನಮಗಿಲ್ಲ.